ಕಿವಿಗೆ ಮಿಷನ್ ಹಾಕಿಸಿಕೊಂಡ ಕಥೆ

ವಯಸ್ಸಾದವರ ಆರೋಗ್ಯ ಅಂದ ಕೂಡಲೇ ಎಲ್ಲರೂ ಕೇಳುವುದು ಬಿಪಿ, ಶುಗರ್, ಮಂಡಿನೋವು. ಕಿವಿಯ ಮಾತನ್ನು ಯಾರೂ ಎತ್ತುವುದಿಲ್ಲ. ವಯಸ್ಸಿಗೆ ಮಂದವಾಗುವ ಕಿವಿ ನೋಯುವುದಿಲ್ಲ, ಊದುವುದಿಲ್ಲ, ಜ್ವರ ತರಿಸುವುದಿಲ್ಲ. ವರ್ಷ ವರ್ಷ ಸ್ವಲ್ಪ ಸ್ವಲ್ಪವೇ ಕೇಳಿಸುವುದು ಕಡಿಮೆಯಾಗುತ್ತದೆ. ಜೊತೆಗೆ ಮನೆಯವರ ಮಾತುಕತೆಯಿಂದ ನಾವೂ ಹೊರಗೆ ಬೀಳುತ್ತೇವೆ. ಅರವತ್ತು ದಾಟಿದವರಲ್ಲಿ 100ಕ್ಕೆ 25ಕ್ಕಿಂತ ಜಾಸ್ತಿ ಜನರಿಗೆ ದಿನದ ಬದುಕಿಗೆ ಅಡ್ಡಿಯಾಗುವಷ್ಟು ಕಿವಿ ಮಂದವಾಗಿರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವರಲ್ಲಿ ನಾನೂ ಒಬ್ಬಳು. ನನಗೆ ಈಗ 73. ಕಳೆದ ವರ್ಷ ಎರಡೂ ಕಿವಿಗೆ ಮಿಷನ್ ಹಾಕಿಸಿಕೊಂಡೆ. ಅದಕ್ಕೆ ಮೊದಲು ಏನಾಯ್ತು, ಆಮೇಲೆ ಏನಾಯ್ತು ಅನ್ನುವುದನ್ನು ಬಿಡಿಸಿ ಬರೆಯುತ್ತಿದ್ದೇನೆ.

ನಾನು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತಿದ್ದವಳು. ಮೈಸೂರಿನಲ್ಲಿ ವಾಸ. ಮನೆಯಲ್ಲಿ ನಮ್ಮ ಯಜಮಾನರು, ಮಗ, ಸೊಸೆ, ಆರನೇ ಕ್ಲಾಸಿನ ಮೊಮ್ಮಗಳು. ಸ್ವಲ್ಪ ಶುಗರ್ ಇದೆ, ಮಂಡಿ ಆಗಾಗ ಹಿಡಿಯುತ್ತದೆ. ಬೆಳಗ್ಗೆ ಪಾರ್ಕಿನಲ್ಲಿ ವಾಕಿಂಗ್, ಗುರುವಾರ ಭಜನಾ ಮಂಡಳಿ, ರಾತ್ರಿ ಹಾಸನದ ತಂಗಿಯ ಜೊತೆ ಫೋನಿನಲ್ಲಿ ಮಾತು. ನಿವೃತ್ತಿಯಾದ ಮೇಲೆ ನನ್ನ ದಿನಗಳು ಹೀಗೇ ಚೆನ್ನಾಗಿ ಹೋಗುತ್ತಿದ್ದವು.

ಇವುಗಳಲ್ಲಿ ಮೊದಲು ಬಿಟ್ಟುಹೋದದ್ದು ಫೋನು. ತಂಗಿಯ ದನಿ ಕೇಳಿಸುತ್ತಿತ್ತು. ಆದರೆ ಏನು ಹೇಳುತ್ತಿದ್ದಾಳೆ ಎಂದು ಬಿಡಿಸಿ ತಿಳಿಯುತ್ತಿರಲಿಲ್ಲ. ಈ ಕಾಯಿಲೆಯಲ್ಲಿ ಜನಕ್ಕೆ ಅರ್ಥವಾಗದೇ ಇರುವುದು ಇದೇ. ಶಬ್ದ ಬರುತ್ತದೆ, ಮಾತು ಬರುವುದಿಲ್ಲ. ಅದಕ್ಕೇ ಎಷ್ಟೋ ಮನೆಗಳಲ್ಲಿ ಹಿರಿಯರು "ನನಗೆ ಕೇಳಿಸುತ್ತೆ, ನೀವೇ ಬಾಯಿಬಿಟ್ಟು ಮಾತಾಡಲ್ಲ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಹಾಗೇ ಅನ್ನಿಸುತ್ತದೆ. ಯಜಮಾನರ ದಪ್ಪ ದನಿ ನನಗೆ ಹೇಗೋ ತಿಳಿಯುತ್ತಿತ್ತು. ಮೊಮ್ಮಗಳ ಸಣ್ಣ ದನಿ, ಅದೂ ಸ್ಕೂಲಿನಿಂದ ಬಂದ ಉತ್ಸಾಹದಲ್ಲಿ ಗಡಿಬಿಡಿಯಾಗಿ ಆಡುವ ಮಾತು, ಏನೇನೂ ಸಿಗುತ್ತಿರಲಿಲ್ಲ.

"ಏನಂದೆ?" ಎಂದು ಕೇಳುತ್ತಿದ್ದೆ. ಅವರು ಇನ್ನೊಮ್ಮೆ ಹೇಳುತ್ತಿದ್ದರು. ಮತ್ತೆ "ಏನು?" ಅಂದರೆ, "ಏನಿಲ್ಲ ಬಿಡಿ ಅತ್ತೆ" ಅಂತ ಸೊಸೆ ನಕ್ಕು ಸುಮ್ಮನಾಗುತ್ತಿದ್ದಳು. ಅವಳು ಒಳ್ಳೆಯ ಹುಡುಗಿ. ಬೇಜಾರಿನಿಂದ ಹೇಳಿದ್ದೂ ಅಲ್ಲ. ನಿಜಕ್ಕೂ ಅದು ಎರಡು ಸಲ ಹೇಳುವಂಥ ವಿಷಯವಾಗಿರುತ್ತಿರಲಿಲ್ಲ. ಪಕ್ಕದ ಮನೆಯ ಬೆಕ್ಕು ಮರಿ ಹಾಕಿದ್ದು, ಹೂವಿನವಳು ಇವತ್ತು ಮೊಳಕ್ಕೆ ಎಷ್ಟು ಹೇಳಿದಳು ಅನ್ನುವುದು, ಅಂಥವು. ಆದರೆ ಮನೆ ಅಂದರೆ ಅಂಥ ಮಾತುಗಳೇ ಅಲ್ವಾ? ನೋಡನೋಡುತ್ತಾ ನನ್ನ ಪಾಲಿಗೆ ಉಳಿದದ್ದು ಕೆಲಸದ ಮಾತು ಮಾತ್ರ. "ಊಟಕ್ಕೆ ಬನ್ನಿ." "ಮಾತ್ರೆ ತಗೊಂಡ್ರಾ?" "ಬಾಗಿಲು ಹಾಕ್ಕೊಳ್ಳಿ." ಇಷ್ಟನ್ನು ಜೋರಾಗಿ ಕೂಗಿ ಹೇಳುತ್ತಿದ್ದರು. ಉಳಿದ ಮಾತು ನನ್ನ ಎದುರಿಗೇ, ನನ್ನನ್ನು ಬಿಟ್ಟು ನಡೆಯುತ್ತಿತ್ತು.

ಮನಸ್ಸು ಕೆಡಲು ಇಷ್ಟು ಸಾಕು. ಮಗ ಸೊಸೆ ಅಡುಗೆಮನೆಯಲ್ಲಿ ಮೆಲ್ಲಗೆ ಮಾತಾಡಿದರೆ ನನ್ನ ವಿಷಯವೇ ಇರಬೇಕು ಅನ್ನಿಸುತ್ತಿತ್ತು. ಭಜನೆಯಲ್ಲಿ ಹಾಡು ಹೇಳಿಕೊಡುವವರ ಸಾಲು ಸರಿಯಾಗಿ ಕೇಳದೆ ಬೇರೆ ಸಾಲು ಎತ್ತಿದೆ. ಎಲ್ಲರೂ ತಿರುಗಿ ನೋಡಿದರು. ಆಮೇಲೆ ಹೋಗುವುದನ್ನೇ ಬಿಟ್ಟೆ. ಪಾರ್ಕಿನಲ್ಲಿ ಗೆಳತಿಯರ ಜೊತೆ ನಡೆಯುವಾಗ ಮಾತು ಸಿಗದು ಎಂದು ಅದೂ ನಿಂತಿತು. ನಡಿಗೆ ನಿಂತ ಮೇಲೆ ಮಂಡಿ ಇನ್ನೂ ಬಿಗಿಯಾಯಿತು, ಶುಗರ್ ಏರಿತು, ರಾತ್ರಿ ನಿದ್ದೆ ಕೆಟ್ಟಿತು. ಸಂಜೆಯಾಗುವಷ್ಟರಲ್ಲಿ ಏನೂ ಮಾಡದೆಯೂ ಸುಸ್ತು. ಇಡೀ ದಿನ ಅರ್ಧ ಕೇಳಿದ ಮಾತನ್ನು ಜೋಡಿಸಿಕೊಳ್ಳುವುದಕ್ಕೆ ತಲೆ ಎಷ್ಟು ದುಡಿಯುತ್ತದೆ ಎಂದು ಅನುಭವಿಸಿದವರಿಗೇ ಗೊತ್ತು. ಮೈಗೂ ಮನಸ್ಸಿಗೂ ಬೇರೆ ಬೇರೆ ಡಾಕ್ಟರು ಇರಬಹುದು. ನನ್ನ ವಿಷಯದಲ್ಲಿ ಎರಡೂ ಒಟ್ಟಿಗೇ ಇಳಿಯುತ್ತಾ ಬಂದವು.

ಮನೆಯವರು ಇದನ್ನು ಮರೆವು ಎಂದುಕೊಂಡರು. ಹೇಳಿದ್ದು ನೆನಪಿರುವುದಿಲ್ಲ, ಕೇಳಿದ್ದಕ್ಕೆ ಇನ್ನೇನೋ ಉತ್ತರ ಕೊಡುತ್ತಾರೆ, ಮಂಕಾಗಿ ಕೂತಿರುತ್ತಾರೆ. ಅರಳು ಮರಳು ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ. ಮಗ ಒಬ್ಬ ಫಿಸಿಷಿಯನ್ ಹತ್ತಿರ ಕರೆದುಕೊಂಡು ಹೋದ. ಆ ಡಾಕ್ಟರಿಗೆ ನಾನು ಯಾವತ್ತೂ ಋಣಿ. ನೆನಪಿನ ಪರೀಕ್ಷೆಗೆ ಅಂತ ಕೆಲವು ಪದ ಹೇಳಿ, ಆಮೇಲೆ ಅವನ್ನೇ ತಿರುಗಿ ಹೇಳಲು ಹೇಳಿದರು. ನಾನು ಅರ್ಧ ಹೇಳಿದೆ, ಅದರಲ್ಲೂ ತಪ್ಪು. ಅವರು ತಕ್ಷಣ ಷರಾ ಬರೆಯಲಿಲ್ಲ. ಒಂದು ಹಾಳೆಯಲ್ಲಿ ಬೇರೆ ಪದಗಳನ್ನು ದಪ್ಪಕ್ಷರದಲ್ಲಿ ಬರೆದು ತೋರಿಸಿ, ಹಾಳೆ ಮಗುಚಿಟ್ಟರು. ಬೇರೆ ಮಾತಾಡಿಸಿ, ಸ್ವಲ್ಪ ಹೊತ್ತಾದ ಮೇಲೆ ಕೇಳಿದರು. ಎಲ್ಲವನ್ನೂ ಹೇಳಿದೆ. ಆಮೇಲೆ ನನ್ನ ಹಿಂದೆ ಒಂದು ಕೈ ದೂರದಲ್ಲಿ ನಿಂತು, ಒಂದೊಂದೇ ಕಿವಿ ಮುಚ್ಚಿಸಿ, ಪಿಸುಮಾತಿನಲ್ಲಿ ಅಂಕಿಗಳನ್ನು ಹೇಳಿದರಂತೆ. ಹೇಳಿದ್ದೇ ನನಗೆ ಗೊತ್ತಾಗಲಿಲ್ಲ. ಮಗನ ಮುಖ ನೋಡಿ ಅಂದಾಜು ಮಾಡಿದೆ.

ಹಿರಿಯರ ಮನಸ್ಸಿನ ಸ್ಥಿತಿ ತಿಳಿಯಲು 15 ಪ್ರಶ್ನೆಗಳ ಒಂದು ಪಟ್ಟಿ ಇದೆ. ಹೌದು, ಇಲ್ಲ ಎಂದು ಉತ್ತರಿಸಬೇಕು. ಅಂಕ ಜಾಸ್ತಿಯಾದಷ್ಟೂ ಮನಸ್ಸು ಕುಗ್ಗಿದೆ ಎಂದು ಅರ್ಥ. ಹಿಂದೆ ಮಾಡುತ್ತಿದ್ದ ಎಷ್ಟೋ ಕೆಲಸ ಬಿಟ್ಟಿದ್ದೀರಾ, ಬದುಕು ಖಾಲಿ ಅನ್ನಿಸುತ್ತಾ, ಹೊರಗೆ ಹೋಗುವುದಕ್ಕಿಂತ ಮನೆಯಲ್ಲೇ ಇರೋಣ ಅನ್ನಿಸುತ್ತಾ, ಹೀಗೆ. ಅದನ್ನೂ ಬರಹದಲ್ಲೇ ಕೊಟ್ಟರು. ಓದುತ್ತಾ ಹೋದಂತೆ ಕಣ್ಣು ತುಂಬಿಬಂತು. ಯಾರೋ ನನ್ನ ದಿನವನ್ನು ಪಕ್ಕದಲ್ಲಿ ಕೂತು ನೋಡಿ ಬರೆದಂತಿತ್ತು. ಅಂಕ ನೋಡಿ ಡಾಕ್ಟರು, "ಮನಸ್ಸು ಸ್ವಲ್ಪ ಕುಗ್ಗಿದೆ ಅಮ್ಮ. ಮೊದಲು ಕಿವಿ ತೋರಿಸಿ. ಅದರ ಜೊತೆ ನಡಿಗೆ ಶುರು ಮಾಡಿ. ಆಮೇಲೂ ಹೀಗೇ ಇದ್ದರೆ ಔಷಧಿ ಯೋಚನೆ ಮಾಡೋಣ" ಎಂದು ಕಾಗದದಲ್ಲಿ ಬರೆದೇ ಕೊಟ್ಟರು.

ಇದನ್ನು ಒತ್ತಿ ಹೇಳುತ್ತೇನೆ. ಮನೆಯ ಹಿರಿಯರಿಗೆ ಮರೆವು ಬಂದಿದೆ ಅನ್ನಿಸಿದರೆ, ಬುದ್ಧಿಯ ಪರೀಕ್ಷೆಗೆ ಮೊದಲು ಕಿವಿಯ ಪರೀಕ್ಷೆ ಮಾಡಿಸಿ. ಕೇಳಿಸದ ಮಾತನ್ನು ಯಾರು ತಾನೇ ನೆನಪಿಟ್ಟುಕೊಳ್ಳಲು ಸಾಧ್ಯ?

ಕಿವಿ ಡಾಕ್ಟರು ಮೊದಲು ಒಳಗೆ ಲೈಟ್ ಬಿಟ್ಟು ನೋಡಿ ಗುಗ್ಗೆ ತೆಗೆದರು. ಕೆಲವರಿಗೆ ಅಷ್ಟರಲ್ಲೇ ಸರಿಹೋಗುತ್ತದಂತೆ. ನನಗೆ ಹೋಗಲಿಲ್ಲ. ಕಬ್ಬಿಣದ ಕವೆಯಂಥ ಟ್ಯೂನಿಂಗ್ ಫೋರ್ಕ್ ಮಿಡಿದು ಕಿವಿಯ ಮುಂದೆ, ಕಿವಿಯ ಹಿಂದಿನ ಮೂಳೆಯ ಮೇಲೆ ಇಟ್ಟು ಕೇಳಿದರು. ಅವರಿಗಿಂತ ಮುಂಚೆ ಇನ್ನೊಬ್ಬ ಡಾಕ್ಟರು "ವಯಸ್ಸಾಯ್ತಲ್ಲ, ಇದೆಲ್ಲ ಇದ್ದಿದ್ದೇ" ಎಂದು ಕಳಿಸಿದ್ದರು. ಆ ಮಾತು ನನಗೆ ಇವತ್ತಿಗೂ ನೋವು ಕೊಡುತ್ತದೆ. ವಯಸ್ಸಾದರೆ ಕಣ್ಣಿಗೂ ಪೊರೆ ಬರುತ್ತದೆ. ಹಾಗಂತ ಇದ್ದಿದ್ದೇ ಎಂದು ಬಿಡುತ್ತೇವಾ?

ಒಂದು ಅಂಗಡಿಗೂ ಹೋಗಿದ್ದೆವು. ಉಚಿತ ತಪಾಸಣೆ ಅಂತ ಬೋರ್ಡು. ರಸ್ತೆಯ ಹಾರ್ನ್ ಕೇಳುವ ಜಾಗದಲ್ಲೇ ಕಿವಿಗೆ ಹೆಡ್‌ಫೋನ್ ಹಾಕಿ, ಗಡಿಬಿಡಿಯಲ್ಲಿ ಪರೀಕ್ಷೆ ಮುಗಿಸಿ, ಇವತ್ತು ಬುಕ್ ಮಾಡಿದರೆ ಮಾತ್ರ ಈ ಬೆಲೆ ಎಂದು ಒತ್ತಾಯ. ಮಿಷನ್ ಬೆಲೆ ಕೆಲವು ಸಾವಿರದಿಂದ ಹಿಡಿದು ಒಂದು ಕಿವಿಗೆ ಲಕ್ಷದಾಚೆಗೂ ಹೋಗುತ್ತದೆ. ಜಾಸ್ತಿ ದುಡ್ಡು ಕೊಟ್ಟದ್ದೇ ನಮ್ಮ ಕಿವಿಗೆ ಹೊಂದುತ್ತದೆ ಎನ್ನುವ ಹಾಗೂ ಇಲ್ಲ. ಅಲ್ಲಿಂದ ಎದ್ದು ಬಂದೆವು.

ಮೈಸೂರಿನಲ್ಲಿರುವುದರ ಒಂದು ಪುಣ್ಯ ಅಂದರೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. 1960ರ ದಶಕದಿಂದ ಇದೆ. ಊರಿನವರು ಸ್ಪೀಚ್ ಅಂಡ್ ಹಿಯರಿಂಗ್ ಅನ್ನುತ್ತಾರೆ. ಮಾತು ಬಾರದ ಕೂಸುಗಳನ್ನು ಎತ್ತಿಕೊಂಡ ತಾಯಂದಿರಿಂದ ಹಿಡಿದು ಕೋಲೂರಿಕೊಂಡ ಮುದುಕರವರೆಗೆ ಅಲ್ಲಿ ಎಲ್ಲರೂ ಇರುತ್ತಾರೆ. ಕಾಯಬೇಕು, ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಾಡಬೇಕು. ಆದರೆ ಅಲ್ಲಿ ಯಾರೂ ನಮಗೆ ಏನನ್ನೂ ಮಾರಲು ನಿಂತಿರುವುದಿಲ್ಲ.

ಪರೀಕ್ಷೆ ನಡೆಯುವುದು ಹೊರಗಿನ ಸದ್ದು ಬಾರದ ಕೋಣೆಯಲ್ಲಿ. ದಪ್ಪ ಬಾಗಿಲು, ಗೋಡೆಗೆ ಮೆತ್ತನೆಯ ಹೊದಿಕೆ. ಬಾಗಿಲು ಹಾಕಿಕೊಂಡ ಮೇಲೆ ನನ್ನ ಉಸಿರು ನನಗೇ ಕೇಳಿಸಿತು. ಗಾಜಿನಾಚೆ ಆಡಿಯಾಲಜಿ, ಅಂದರೆ ಕೇಳುವಿಕೆಯ ಶಾಸ್ತ್ರ ಓದುತ್ತಿದ್ದ ಹುಡುಗಿ, ಅವಳ ಹಿಂದೆ ಅವಳಿಗೆ ಕಲಿಸುವ ಮೇಡಂ. "ಅಮ್ಮ, ಎಷ್ಟೇ ಸಣ್ಣಗೆ ಕೇಳಿಸಿದ್ರೂ ಬಟನ್ ಒತ್ತಿ" ಎಂದು ಹುಡುಗಿ ಮೊದಲೇ ಹೇಳಿದ್ದಳು. ಕುಯ್ ಅನ್ನುವ ಸದ್ದು ಬರುತ್ತದೆ, ಸಣ್ಣದಾಗುತ್ತದೆ, ಇದೆಯೋ ಇಲ್ಲವೋ ಅನ್ನುವಂತಾಗುತ್ತದೆ. ದಪ್ಪ ಸದ್ದುಗಳಿಗೆ ಬಟನ್ ಒತ್ತುತ್ತಾ ಹೋದೆ. ಆಮೇಲೆ ತುಂಬ ಹೊತ್ತು ಏನೂ ಬರಲಿಲ್ಲ. ಪರೀಕ್ಷೆ ಮುಗಿಯಿತೇನೋ ಎಂದು ಗಾಜಿನ ಕಡೆ ನೋಡಿದರೆ ಹುಡುಗಿ ಇನ್ನೂ ಗುಂಡಿ ತಿರುಗಿಸುತ್ತಿದ್ದಳು. ಸದ್ದು ಬರುತ್ತಿತ್ತು, ನನಗೆ ಕೇಳುತ್ತಿರಲಿಲ್ಲ. ಹೊಟ್ಟೆಯಲ್ಲಿ ಏನೋ ಇಳಿದಂತಾಯಿತು. ನಂತರ ಕಿವಿಯ ಹಿಂದಿನ ಮೂಳೆಗೆ ಒಂದು ಚಿಕ್ಕ ಡಬ್ಬಿ ಒತ್ತಿಟ್ಟು ಅದೇ ಪರೀಕ್ಷೆ. ಕಿವಿಯ ತೂತಿಗೆ ಬಿರಟೆಯಂಥದ್ದು ಇಟ್ಟು ಗಾಳಿಯ ಒತ್ತಡ ಬದಲಿಸಿ ಇನ್ನೊಂದು. ತಮಟೆ, ಅದರ ಹಿಂದಿನ ಚಿಕ್ಕ ಮೂಳೆಗಳು ಸರಿಯಾಗಿವೆಯೇ ಎಂದು ಇವುಗಳಿಂದ ತಿಳಿಯುತ್ತದೆ. ನನ್ನವು ಸರಿ ಇದ್ದವು. ತೊಂದರೆ ಒಳಕಿವಿಯಲ್ಲಿ.

ಕೊನೆಗೆ ಕೈಗೆ ಬಂದದ್ದು ಆಡಿಯೋಗ್ರಾಂ, ಅಂದರೆ ಕಿವಿ ಎಷ್ಟು ಕೇಳುತ್ತದೆ ಎಂದು ತೋರಿಸುವ ಗ್ರಾಫ್. ಗ್ರಾಫ್ ಹಾಳೆ ಕಂಡರೆ ನನಗೆ ಇವತ್ತಿಗೂ ಧೈರ್ಯ ಬರುತ್ತದೆ. ಅಡ್ಡಕ್ಕೆ ಸದ್ದಿನ ಆವರ್ತನ, ಎಡಕ್ಕೆ ದಪ್ಪ ಸದ್ದು, ಬಲಕ್ಕೆ ತೆಳು ಸದ್ದು, 250ರಿಂದ 8,000 ಹರ್ಟ್ಸ್. ಕೆಳಮುಖವಾಗಿ ಡೆಸಿಬೆಲ್, ಅಂದರೆ ಕೇಳಿಸಲು ಸದ್ದು ಎಷ್ಟು ಜೋರಿರಬೇಕು ಅನ್ನುವುದು. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರ ಚಿಹ್ನೆ. ನನ್ನ ಗೆರೆ ಎಡದಲ್ಲಿ 25, 30ರ ಹತ್ತಿರ ಶುರುವಾಗಿ ಬಲಕ್ಕೆ ಹೋಗುತ್ತಾ ಇಳಿಜಾರಾಗಿತ್ತು. 500 ಹರ್ಟ್ಸ್‌ನಲ್ಲಿ 30, 4,000ದಲ್ಲಿ 70. ಬರೀ ನಲವತ್ತು ತಾನೇ ಜಾಸ್ತಿ ಅನ್ನಬೇಡಿ. ಪ್ರತಿ 10 ಡೆಸಿಬೆಲ್‌ಗೆ ಸದ್ದಿನ ಶಕ್ತಿ 10 ಪಟ್ಟು. 30ಕ್ಕೂ 70ಕ್ಕೂ ನಡುವೆ 10 ಸಾವಿರ ಪಟ್ಟಿನ ಅಂತರ. ದಪ್ಪ ಸದ್ದಿಗಿಂತ ಅಷ್ಟು ಪಟ್ಟು ಶಕ್ತಿ ಇದ್ದರೆ ಮಾತ್ರ ತೆಳು ಸದ್ದು ನನ್ನ ಕಿವಿಗೆ ಬೀಳುತ್ತದೆ.

ಮೇಡಂ ಹಾಳೆ ಮುಂದಿಟ್ಟುಕೊಂಡು, ನನ್ನ ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ ವಿವರಿಸಿದರು. ಒಳಕಿವಿಯಲ್ಲಿ ಸುರುಳಿ ಸುತ್ತಿಕೊಂಡ ಒಂದು ಅಂಗ. ಅದರೊಳಗೆ ಸುಮಾರು 15 ಸಾವಿರ ಸೂಕ್ಷ್ಮ ರೋಮಕೋಶಗಳು. ಹುಟ್ಟಿದಾಗ ಬಂದಷ್ಟೇ. ಹೋದರೆ ಮತ್ತೆ ಬೆಳೆಯುವುದಿಲ್ಲ. ಸುರುಳಿಯ ಬಾಗಿಲಲ್ಲಿರುವವು ತೆಳು ಸದ್ದನ್ನು ಹಿಡಿಯುತ್ತವೆ, ವಯಸ್ಸಾದಂತೆ ಮೊದಲು ಹೋಗುವುದೂ ಅವೇ. ಮಾತಿನಲ್ಲಿ ಅ, ಆ, ಉ, ಓ ಮುಂತಾದ ಸ್ವರಗಳು ದಪ್ಪ, ಜೋರು. ಸ, ಶ, ಕ, ತ, ಪ ಅನ್ನುವ ವ್ಯಂಜನಗಳು ತೆಳು, ಬಡಕಲು. ನನಗೆ ಸ್ವರ ಬರುತ್ತಿತ್ತು, ವ್ಯಂಜನ ಬರುತ್ತಿರಲಿಲ್ಲ. ಕಾಲು, ಹಾಲು, ಸಾಲು, ಪಾಲು ಎಲ್ಲವೂ ನನಗೆ ಬರೀ "ಆಲು". ತಲೆಕಟ್ಟು, ಕೊಂಬು, ದೀರ್ಘ ಮಾತ್ರ ಉಳಿಸಿ ಅಕ್ಷರ ಅಳಿಸಿಹಾಕಿದ ಪುಟವನ್ನು ಓದಿದಂತೆ. ಎದುರಿಗಿದ್ದವರ ತುಟಿ ನೋಡಿ, ಸಂದರ್ಭ ನೋಡಿ, ಉಳಿದದ್ದನ್ನು ನಾನೇ ತುಂಬಿಕೊಳ್ಳುತ್ತಿದ್ದೆ. ಬೆನ್ನ ಹಿಂದಿನಿಂದ ಯಾರಾದರೂ ಮಾತಾಡಿದರೆ ಅದೂ ಆಗದು.

ಕೂಗಿದರೆ ಯಾಕೆ ಪ್ರಯೋಜನವಿಲ್ಲ ಅನ್ನುವುದೂ ಅಲ್ಲೇ ತಿಳಿಯಿತು. ಕೂಗಿದಾಗ ಜೋರಾಗುವುದು ಸ್ವರಗಳೇ. ನಮಗೆ ಬೇಕಾದ ವ್ಯಂಜನ ಅದರಡಿ ಇನ್ನೂ ಮುಚ್ಚಿಹೋಗುತ್ತದೆ. ಮೇಲಾಗಿ, ರೋಮಕೋಶ ಕಳೆದುಕೊಂಡ ಕಿವಿಗೆ ಸಣ್ಣ ಸದ್ದು ಕೇಳುವುದಿಲ್ಲ, ದೊಡ್ಡ ಸದ್ದು ಬೇಗ ಚುಚ್ಚುತ್ತದೆ. ಮೆಲ್ಲಗೆ ಹೇಳಿದರೆ "ಏನು?", ಜೋರಾಗಿ ಹೇಳಿದರೆ "ಯಾಕೆ ಕೂಗ್ತೀಯಾ?" ಅಂತ ನಮ್ಮ ಮನೆಯಲ್ಲಿ ಆಗುತ್ತಿದ್ದ ವಾಗ್ವಾದಕ್ಕೆಲ್ಲ ಇದೇ ಕಾರಣ. ಯಜಮಾನರು ಪಕ್ಕದಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಂಡರು. ಹೊರಗೆ ಬಂದು ಆಟೋಗೆ ಕಾಯುವಾಗ ನನ್ನ ಕೈ ಹಿಡಿದುಕೊಂಡರು. ನಮ್ಮ ಕಾಲದವರು ರಸ್ತೆಯಲ್ಲಿ ಕೈ ಹಿಡಿಯುವುದು ಕಡಿಮೆ.

ಹೆಡ್‌ಫೋನಿನಲ್ಲಿ ಕನ್ನಡ ಪದಗಳನ್ನು ಹೇಳಿ, ಕೇಳಿಸಿದಂತೆ ತಿರುಗಿ ಹೇಳಿಸುವ ಪರೀಕ್ಷೆಯೂ ಆಯಿತು. ಸಾಕಷ್ಟು ಜೋರಾಗಿ ಕೊಟ್ಟಾಗ ನೂರಕ್ಕೆ ಎಂಬತ್ತರ ಹತ್ತಿರ ಸರಿ ಹೇಳಿದೆನಂತೆ. ಸದ್ದು ಸರಿಯಾಗಿ ತಲುಪಿಸಿದರೆ ಮಿದುಳು ಅದನ್ನು ಮಾತಾಗಿ ಮಾಡಿಕೊಳ್ಳುತ್ತದೆ ಎಂದು ಇದರ ಅರ್ಥ. ಮಿಷನ್‌ನಿಂದ ಉಪಯೋಗವಾಗುತ್ತದೆ ಎಂದು ಮೇಡಂ ಧೈರ್ಯವಾಗಿ ಹೇಳಿದ್ದು ಆ ಅಂಕ ನೋಡಿ.

ಒಂದೇ ಕಿವಿಗೆ ಸಾಕಾಗುತ್ತದಾ ಎಂದು ಕೇಳಿದೆ, ಖರ್ಚಿನ ಯೋಚನೆಯಿಂದ. ಎರಡೂ ಕಿವಿ ಮಂದವಾಗಿದ್ದರೆ ಎರಡಕ್ಕೂ ಬೇಕು ಅಂದರು. ಸದ್ದು ಯಾವ ಕಡೆಯಿಂದ ಬಂತು ಎಂದು ಗೊತ್ತಾಗುವುದು, ಗದ್ದಲದಲ್ಲಿ ಒಬ್ಬರ ಮಾತನ್ನು ಬೇರೆ ಮಾಡುವುದು, ಎರಡೂ ಕಿವಿಯ ಜೋಡಿ ಕೆಲಸ. ನನಗೆ ಕಿವಿಯ ಹಿಂದೆ ಕೂರುವ, ತೆಳು ವೈರು ಒಳಗೆ ಹೋಗುವ ಮಾದರಿ ಆಯ್ಕೆಯಾಯಿತು. ದಪ್ಪ ಸದ್ದು ನನಗೆ ತಾನಾಗೇ ಕೇಳುವುದರಿಂದ ಕಿವಿಯನ್ನು ಪೂರ್ತಿ ಮುಚ್ಚುವ ಅಚ್ಚು ಬೇಡವೆಂದು, ತೂತುಗಳಿರುವ ಮೆತ್ತನೆಯ ಸಿಲಿಕೋನ್ ಟೋಪಿ ಹಾಕಿದರು. ನನ್ನ ಬೆರಳಿಗೆ ಹಿಡಿಯಲು ಸಿಗಲಿ ಎಂದು 13 ನಂಬರಿನ ದೊಡ್ಡ ಬ್ಯಾಟರಿ. ಅದಕ್ಕೆ ಕಿತ್ತಳೆ ಬಣ್ಣದ ಸ್ಟಿಕರ್ ಇರುತ್ತದೆ. ಸ್ಟಿಕರ್ ಕಿತ್ತು ಒಂದೆರಡು ನಿಮಿಷ ಗಾಳಿಗಿಟ್ಟು ಆಮೇಲೆ ಹಾಕಬೇಕು, ಗಾಳಿ ತಾಗಿದರೇ ಅದು ಕೆಲಸ ಮಾಡುವುದು. ಬಿಪಿಎಲ್ ಕುಟುಂಬದ ಹಿರಿಯರಿಗೆ 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಕಿವಿ ಮಿಷನ್, ಕನ್ನಡಕ, ಹಲ್ಲುಸೆಟ್ಟು, ಊರುಗೋಲು ಉಚಿತವಾಗಿ ಕೊಡುತ್ತಾರೆ. ಗೊತ್ತಿಲ್ಲದವರಿಗೆ ದಯವಿಟ್ಟು ಹೇಳಿ.

ಮಿಷನ್ ಹಾಕಿಸಿಕೊಂಡು ಮನೆಗೆ ಬಂದ ದಿನ ಸಂತೋಷಕ್ಕಿಂತ ಗಾಬರಿಯೇ ಜಾಸ್ತಿ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. ಪ್ಲಾಸ್ಟಿಕ್ ಕವರಿನ ಪರಪರ, ಪೇಪರ್ ಮಡಿಸುವ ಸದ್ದು, ನಲ್ಲಿ ನೀರು, ಸ್ಟೀಲ್ ತಟ್ಟೆ ತಟ್ಟೆಗೆ ತಗಲುವುದು, ಎಲ್ಲವೂ ಕಿವಿಗೆ ನುಗ್ಗಿದವು. ಒಗ್ಗರಣೆಗೆ ಸಾಸಿವೆ ಹಾಕಿದಾಗ ಚಟಪಟ ಕೇಳಿಸಿತು. ವರ್ಷಗಳಿಂದ ಸಾಸಿವೆ ಸಿಡಿದದ್ದನ್ನು ಕಣ್ಣಿನಿಂದ ನೋಡಿಯೇ ಬೇಳೆ ಹಾಕುತ್ತಿದ್ದೆ ಅನ್ನುವುದು ಆಗಲೇ ಗೊತ್ತಾದದ್ದು. ಒಲೆಯ ಮುಂದೆ ಹಾಗೇ ನಿಂತುಬಿಟ್ಟೆ. ಸೊಸೆ ಓಡಿ ಬಂದಳು. "ಕೇಳಿಸ್ತು ಕಣೇ" ಅಂದೆ. ಅವಳಿಗೆ ಏನು ಕೇಳಿಸಿತೆಂದು ತಿಳಿಯಲಿಲ್ಲ, ಆದರೂ ನನ್ನನ್ನು ಅಪ್ಪಿಕೊಂಡಳು. ಅಪ್ಪಿಕೊಂಡಾಗ ಮಿಷನ್ ಕುಂಯ್ ಎಂದಿತು. ಅದಕ್ಕೆ ಏನಾದರೂ ಒತ್ತಿಬಂದರೆ ಹಾಗೆ ಸೀಟಿ ಹೊಡೆಯುತ್ತದೆ.

ಇಲ್ಲಿಂದ ಮುಂದಿನ ಕೆಲವು ವಾರಗಳು ತುಂಬ ಮುಖ್ಯ. ಎಷ್ಟೋ ಜನ ಮಿಷನ್ ತೆಗೆದು ಬೀರುವಿನಲ್ಲಿ ಇಡುವುದು ಇದೇ ಹೊತ್ತಿನಲ್ಲಿ. ಕನ್ನಡಕ ಹಾಕಿದ ಕೂಡಲೇ ಕಾಣುತ್ತದೆ. ಕಿವಿ ಹಾಗಲ್ಲ. ವರ್ಷಗಟ್ಟಲೆ ತೆಳು ಸದ್ದು ಕಾಣದ ಮಿದುಳು ಅವುಗಳನ್ನು ಮತ್ತೆ ಗುರುತು ಹಿಡಿಯಬೇಕು, ಯಾವುದು ಬೇಕು, ಯಾವುದು ಬೇಡ ಎಂದು ಮತ್ತೆ ಕಲಿಯಬೇಕು. ಮೇಡಂ ಹೇಳಿದ ಕ್ರಮ ಹೀಗಿತ್ತು. ಮೊದಲು ಮನೆಯೊಳಗೆ, ಫ್ಯಾನು ಟಿವಿ ಆರಿಸಿ, ಒಬ್ಬರ ಜೊತೆ ಮಾತು. ದಿನಕ್ಕೆ ಕೆಲವೇ ಗಂಟೆ. ಆಮೇಲೆ ಇಬ್ಬರು. ಆಮೇಲೆ ಅಂಗಳ, ಪಾರ್ಕು. ಕೊನೆಗೆ ಸಂತೆ, ಬಸ್ಸು. ಅವರೂ ಸದ್ದನ್ನು ಒಂದೇ ಸಲ ಪೂರ್ತಿ ಏರಿಸಲಿಲ್ಲ. ಪ್ರತಿ ಭೇಟಿಯಲ್ಲಿ ಕಂಪ್ಯೂಟರಿಗೆ ಜೋಡಿಸಿ ಸ್ವಲ್ಪ ಸ್ವಲ್ಪ ಏರಿಸಿದರು. ಯಾವ ಸದ್ದು ಚುಚ್ಚುತ್ತದೆ, ಯಾರ ಮಾತು ಸಿಗುವುದಿಲ್ಲ ಎಂದು ನಾನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಒಯ್ಯುತ್ತಿದ್ದೆ. "ಸರಿ ಇಲ್ಲ" ಅಂತ ಸುಮ್ನೆ ಹೇಳಿದರೆ ಅವರಿಗೆ ಏನೂ ತಿಳಿಯದು. "ಸೌಟು ತಟ್ಟೆಗೆ ತಗಲಿದರೆ ಚುಚ್ಚುತ್ತದೆ" ಅಂದರೆ ಕಂಪ್ಯೂಟರಿನಲ್ಲಿ ಯಾವ ಸದ್ದನ್ನು ತಿದ್ದಬೇಕೆಂದು ತಿಳಿಯುತ್ತದೆ.

ದಿನಾ ಸಂಜೆ ಮೊಮ್ಮಗಳು ಪಾಠದ ಪುಸ್ತಕ ಗಟ್ಟಿಯಾಗಿ ಓದುತ್ತಿದ್ದಳು. ಮೊದಮೊದಲು ನಾನೂ ಪುಸ್ತಕದ ಮೇಲೆ ಬೆರಳಿಟ್ಟು ನೋಡುತ್ತಾ ಕೇಳುತ್ತಿದ್ದೆ. ಆಮೇಲೆ ಪುಸ್ತಕ ನೋಡದೆ. ಆಮೇಲೆ ಅವಳ ಮುಖವನ್ನೂ ನೋಡದೆ. ಅವಳೇ ಹುಡುಕಿದ ಆಟ ಒಂದಿತ್ತು. ಬೆನ್ನ ಹಿಂದೆ ನಿಂತು ಕಾಲು, ಸಾಲು, ಹಾಲು ಎಂದು ಬದಲಿಸಿ ಬದಲಿಸಿ ಹೇಳುವುದು, ನಾನು ಗುರುತಿಸುವುದು. "ಅಜ್ಜಿ, ಫುಲ್ ಮಾರ್ಕ್ಸ್" ಎಂದು ಅವಳು ಕೂಗಿದ ದಿನ ನಾನು ತಂಗಿಗೆ ಫೋನು ಮಾಡಿದೆ. ತುಂಬ ಹೊತ್ತು ಮಾತಾಡಿದೆವು. ನಡುನಡುವೆ ಇಬ್ಬರೂ ಅತ್ತೆವು.

ಮನೆಯವರೂ ಕಲಿತರು. ಅಡುಗೆಮನೆಯಿಂದ ನಡುಮನೆಗೆ ಕೂಗುವುದು ನಿಂತಿತು. ಮೊದಲು ನನ್ನನ್ನು ಕರೆದು, ನಾನು ತಿರುಗಿದ ಮೇಲೆ ಮಾತು. ಬೆಳಕಿಗೆ ಮುಖ ಮಾಡಿ ಮಾತು. ಸಿಗದಿದ್ದರೆ ಅದನ್ನೇ ಜೋರಾಗಿ ಹೇಳುವ ಬದಲು ಬೇರೆ ಪದದಲ್ಲಿ ಹೇಳುವುದು. ಊಟದ ಹೊತ್ತಿಗೆ ಟಿವಿ ಬಂದ್. "ಏನಿಲ್ಲ ಬಿಡಿ" ಅನ್ನುವುದನ್ನು ಮನೆಯಲ್ಲಿ ಯಾರೂ ಹೇಳಬಾರದು ಎಂದು ನಾನೇ ಕೈಮುಗಿದು ಕೇಳಿಕೊಂಡೆ. ಎಷ್ಟೇ ಸಣ್ಣ ವಿಷಯವಾದರೂ ಹೇಳಿ ಅಂದೆ. ಮಿಷನ್ ಅರ್ಧ ಕೆಲಸ ಮಾಡಿದರೆ ಇದು ಉಳಿದರ್ಧ ಮಾಡಿತು.

ಹೆಂಗಸರಿಗೆ ಕೆಲವು ವಿಶೇಷ ತಾಪತ್ರಯಗಳಿವೆ, ಹೇಳಿಬಿಡುತ್ತೇನೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದರೆ ಅದು ಇಳಿದು ಮಿಷನ್‌ನ ಮೈಕಿನ ತೂತಿಗೆ ಕೂರುತ್ತದೆ. ನಾನು ಈಗ ರಾತ್ರಿ ಮಿಷನ್ ತೆಗೆದಿಟ್ಟ ಮೇಲೆ ಹಚ್ಚಿ, ಬೆಳಗ್ಗೆ ಕಿವಿಯ ಹಿಂದೆ ಚೆನ್ನಾಗಿ ಒರೆಸಿಕೊಂಡು ಹಾಕುತ್ತೇನೆ. ಕಿವಿಯ ಹಿಂದೆ ಕನ್ನಡಕದ ಕಡ್ಡಿಗೂ ಮಿಷನ್‌ಗೂ ಜಾಗ ಸಾಲದು, ಮೊದಲು ಮಿಷನ್, ಆಮೇಲೆ ಕನ್ನಡಕ. ಮಳೆಗಾಲದಲ್ಲಿ ಬೆವರು, ತೇವ. ಅದಕ್ಕೆ ತೇವ ಹೀರುವ ಹರಳುಗಳ ಡಬ್ಬಿ ಕೊಡುತ್ತಾರೆ, ರಾತ್ರಿ ಅದರಲ್ಲಿಡಬೇಕು. ತುದಿಯಲ್ಲಿ ಗುಗ್ಗೆ ತಡೆಯುವ ಪುಟ್ಟ ಜಾಲರಿ ಇರುತ್ತದೆ. ಅದು ಕಟ್ಟಿಕೊಂಡರೆ ಮಿಷನ್ ಕೆಟ್ಟಿತು ಅಂದುಕೊಳ್ಳುತ್ತೇವೆ. ಜಾಲರಿ ಬದಲಿಸಿದರೆ ಸರಿಹೋಗುತ್ತದೆ.

ಭಜನೆಗೆ ಹೋದದ್ದು ಎಲ್ಲಕ್ಕಿಂತ ಕೊನೆಗೆ. ಆಸೆ ಜಾಸ್ತಿ ಇದ್ದದ್ದರಿಂದಲೇ ಹೆದರಿಕೆಯೂ ಜಾಸ್ತಿ ಇತ್ತು. ಮಾತು ಚೆನ್ನಾಗಿ ಕೇಳಿಸಿತು. ಹಾರ್ಮೋನಿಯಂ ಮಾತ್ರ ನಡುಗುತ್ತಿತ್ತು. ಶ್ರುತಿ ಹಿಡಿದು ನಿಂತರೆ ಅದು ಅಲೆ ಅಲೆಯಾಗಿ ಒಡೆಯುತ್ತಿತ್ತು. ಕಿವಿ ಇನ್ನೂ ಕೆಟ್ಟಿತೇ ಎಂದು ಎದೆ ಒಡೆದುಹೋಯಿತು. ಮೇಡಂ ಕಾರಣ ಹೇಳಿದರು. ಒಂದೇ ಸಮನೆ ಹಿಡಿದ ಸ್ವರವನ್ನು ಮಿಷನ್ ತನ್ನದೇ ಸೀಟಿ ಎಂದು ತಿಳಿದು ಅದುಮಲು ನೋಡುತ್ತದೆ. ಅದು ಮಾತಿಗೆ ಅಂತ ಹೊಂದಿಸಿದ್ದು. ಸಂಗೀತಕ್ಕೆ ಬೇರೆ ಪ್ರೋಗ್ರಾಂ ಹಾಕಿ, ಗುಂಡಿ ಒತ್ತಿದರೆ ಅದಕ್ಕೆ ಬದಲಾಗುವಂತೆ ಮಾಡಿಕೊಟ್ಟರು. ಈಗ ಶ್ರುತಿ ನಿಲ್ಲುತ್ತದೆ. ಮೊದಲಿನಷ್ಟು ತುಂಬಿ ಬರುವುದಿಲ್ಲ. ಆದರೂ ನಾನು ಹಾಡುತ್ತೇನೆ. ತಾಳದ ಕೊನೆಯ ಠಿಣ್ ಅನ್ನುವ ಸದ್ದು ಕೇಳಿಸುತ್ತದೆ.

ಫಿಸಿಷಿಯನ್ ಅದೇ 15 ಪ್ರಶ್ನೆಗಳನ್ನು ಮತ್ತೆ ಕೊಟ್ಟರು, ಈ ಸಲ ಬಾಯಲ್ಲೇ ಕೇಳಿದರು. ಅಂಕ ಇಳಿದಿತ್ತು, ಮನಸ್ಸಿನ ಔಷಧಿ ಬೇಕಾಗಲಿಲ್ಲ. ಎಲ್ಲರಿಗೂ ಹೀಗೇ ಆಗುತ್ತದೆ ಎಂದಲ್ಲ, ಔಷಧಿ ಬೇಕಾದವರು ತೆಗೆದುಕೊಳ್ಳಲೇಬೇಕು. ಪಾರ್ಕಿನ ನಡಿಗೆ ಶುರುವಾದ ಮೇಲೆ ಶುಗರ್ ಹಿಡಿತಕ್ಕೆ ಬಂತು, ನಿದ್ದೆ ಬರುತ್ತಿದೆ. ಮಂಡಿ ಮಾತ್ರ ಹಾಗೇ ಇದೆ. ಹಿಂದಿನಿಂದ ಬರುವ ಸ್ಕೂಟರಿನ ಸದ್ದು ತಿಳಿಯುವುದರಿಂದ ರಸ್ತೆ ದಾಟುವ ಭಯ ಹೋಗಿದೆ. ಮರೆವಿನ ಕಾಯಿಲೆಯ ಅಪಾಯ ಕಡಿಮೆ ಮಾಡಲು ನಾವು ಕೈಹಾಕಬಹುದಾದ 14 ಅಂಶಗಳ ಪಟ್ಟಿಯಲ್ಲಿ ಕಿವಿ ಮಂದವಾಗುವುದೂ ಒಂದು ಎಂದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ 2024ರ ವರದಿಯನ್ನು ಮಗ ಓದಿ ಹೇಳಿದ. ಅಮೆರಿಕದಲ್ಲಿ 70ರಿಂದ 84 ವಯಸ್ಸಿನ 977 ಜನರ ಮೇಲೆ 3 ವರ್ಷ ನಡೆದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಗಿದೆ. ಇಡೀ ಗುಂಪಿನಲ್ಲಿ ಮಿಷನ್ ಹಾಕಿದವರಿಗೂ ಹಾಕದವರಿಗೂ ಬುದ್ಧಿಶಕ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲವಂತೆ. ಮೊದಲೇ ಅಪಾಯ ಜಾಸ್ತಿ ಇದ್ದವರಲ್ಲಿ ಮಾತ್ರ ಕುಸಿತದ ವೇಗ 48% ಕಡಿಮೆಯಾಗಿತ್ತು. ಹಾಗಾಗಿ ಮಿಷನ್ ಹಾಕಿದರೆ ಮರೆವೇ ಬರುವುದಿಲ್ಲ ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ. ನನಗಂತೂ ಮೊಮ್ಮಗಳ ಮಾತು ಸಿಕ್ಕಿದ್ದೇ ಸಾಕು.

ಇನ್ನೂ ಕೈಗೆ ಬಾರದ ಜಾಗ ಅಂದರೆ ಮದುವೆ ಛತ್ರ. ವಾಲಗ, ಮೈಕು, ನೂರಾರು ಜನರ ಮಾತು, ಕಲ್ಲಿನ ನೆಲದಿಂದ ಏಳುವ ಮಾರ್ದನಿ. ಅಲ್ಲಿ ಮಿಷನ್ ಎಲ್ಲವನ್ನೂ ಒಟ್ಟಿಗೆ ಎತ್ತಿ ಕಿವಿಗೆ ಸುರಿಯುತ್ತದೆ. ಮಾತಾಡುವವರ ಬಟ್ಟೆಗೆ ಸಿಕ್ಕಿಸುವ ಒಂದು ಪುಟ್ಟ ಮೈಕು ಬರುತ್ತದಂತೆ, ಅವರ ದನಿಯನ್ನಷ್ಟೇ ನೇರ ಮಿಷನ್‌ಗೆ ಕಳಿಸುತ್ತದಂತೆ. ಮುಂದಿನ ತಿಂಗಳು ಸೊಸೆಯ ತಮ್ಮನ ಮದುವೆ ಇದೆ. ಅಷ್ಟರೊಳಗೆ ಅದನ್ನು ಪರೀಕ್ಷೆಗೆ ಹಾಕಿ ನೋಡಲು ಮೇಡಂ ಬರಹೇಳಿದ್ದಾರೆ. ಅದು ಹೊಂದಿದರೆ ಸೊಸೆಯ ಸೆರಗಿಗೆ ಸಿಕ್ಕಿಸುವುದು, ಪಂಕ್ತಿಯಲ್ಲಿ ನಾನು ಗೋಡೆಗೆ ಬೆನ್ನು ಹಾಕಿ, ವಾಲಗದವರಿಂದ ದೂರದ ತುದಿಯಲ್ಲಿ, ಅವಳ ಎಡಕ್ಕೆ ಕೂರುವುದು ಎಂದು ಇಬ್ಬರೂ ಮಾತಾಡಿಕೊಂಡಿದ್ದೇವೆ.